ದೇವರು ಪಾಸು ಮಾಡಿದ ಪರೀಕ್ಷೆ

ಬೆಳಿಗ್ಗೆಯಿಂದ ಮನೆ ತುಂಬ ಮಾಗಿದ ಬಾಳೆಹಣ್ಣಿನ ಘಮ. ಯಾರೋ ಪುಣ್ಯಾತ್ಮರು ಗೊನೆ ತಂದು ಪಡಸಾಲೆಯಲ್ಲಿ ತೂಗುಹಾಕಿ ಹೋಗಿದ್ದಾರೆ. ಹೆಂಡತಿ ಒಂದು ಹಣ್ಣು ಕೈಗಿಟ್ಟರೆ ನಾನು ತಿನ್ನದೆ ಸುಮ್ಮನೆ ನಗುತ್ತಾ ಕೂತೆ. ಇನ್ನು ಕತೆ ಶುರುವಾಯಿತು ಅಂತ ಅವಳಿಗೆ ಗೊತ್ತು, ಒಳಗೆ ಹೋಗಿಬಿಟ್ಟಳು. ನೀವಾದರೂ ಕುಂತ್ಕಳ್ರಿ.

ಆಗ ನನಗೆ ಮೀಸೆ ಚಿಗುರುವ ವಯಸ್ಸು. ಚಿತ್ರದುರ್ಗದಲ್ಲಿ ಇಂಗ್ಲಿಷ್ ಓದಿ ಊರಿಗೆ ಬಂದಿದ್ದೆ. ಡಾಕ್ಟರಿಕೆ ಕಲಿಯುವವರನ್ನು ಆರಿಸಲು ಮಹಾರಾಜರ ಸರ್ಕಾರ ಬೆಂಗಳೂರಲ್ಲಿ ಪರೀಕ್ಷೆ ಇಟ್ಟಿದೆ ಅಂತ ಸುದ್ದಿ ಬಂತು. ಅರ್ಜಿಯೂ ಹೋಯಿತು. ನನ್ನನ್ನು ಸಾಕಿದವಳು ಅಜ್ಜಿ. ಅವಳ ಮಾತಿಗೆ ಮನೆಯಲ್ಲಿ ಎದುರಿಲ್ಲ. "ಹಾಲುರಾಮೇಶ್ವರಕ್ಕೆ ಹೋಗಾಣ ನಡಿ, ಗಂಗವ್ವನ್ನ ಕೇಳಾಣ" ಅಂದಳು.

ನಮ್ಮ ಸೀಮೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಅಲ್ಲಿ ಗಂಗವ್ವ ನೆಲೆಸಿದ ಕೊಳದ ಮುಂದೆ ಮನಸ್ಸಿನಲ್ಲಿ ಬೇಡಿಕೊಂಡು ಕೂತರೆ ನೀರೊಳಗಿಂದ ಏನಾದರೊಂದು ಮೇಲೆ ಬರುತ್ತದೆ. ಬಂದರೆ ಕೆಲಸ ಆಯಿತು ಅಂತ ನಂಬಿಕೆ. ಅಜ್ಜಿ ಮಿಂದು ಒದ್ದೆ ಸೀರೆಯಲ್ಲೇ ಕೈಯೊಡ್ಡಿ ಕೂತಳು. ನಾನು ಪಕ್ಕದಲ್ಲಿ ನಿಂತಿದ್ದೆ. ನೀರು ಬುಳಕ್ ಅಂದು ಒಂದು ಬಾಳೆಹಣ್ಣು ತೇಲಿ ಬಂತು ನೋಡ್ರಿ! "ಬಂತು! ನನ್ನ ಮೊಮ್ಮಗ ಡಾಕ್ಟರಾದ!" ಅಂತ ಅಜ್ಜಿ ಕೂಗಿದ ಕೂಗಿಗೆ ದೇವಸ್ಥಾನದ ಪಾರಿವಾಳಗಳೆಲ್ಲ ಎದ್ದವು.

ಕೆಟ್ಟಿದ್ದೇ ಅಲ್ಲಿಂದ. ಮರುದಿನ ಪುಸ್ತಕ ಬಿಚ್ಚಿದರೆ ಅಜ್ಜಿ ಕಿತ್ತು ಗೂಡಿಗಿಟ್ಟಳು. "ದೇವರು ಕೊಟ್ಟ ಮ್ಯಾಲೂ ಓದ್ತೀಯಲ್ಲ, ಅದು ದೇವರ ಮ್ಯಾಲೆ ಅನುಮಾನ ಪಟ್ಟಂಗಲ್ಲೇನೋ?" ಈ ತರ್ಕವನ್ನು ಮುರಿಯುವ ಆಸೆಯೂ ನನಗಿರಲಿಲ್ಲ, ಯಾಕೆಂದರೆ ನೆಂಟರ ಮನೆಗಳಿಂದ ಹೋಳಿಗೆ ಊಟಕ್ಕೆ ಕರೆ ಬರುತ್ತಲೇ ಇತ್ತು. ಬೀದಿಗೆ ಕಾಲಿಟ್ಟರೆ "ಏನಪ್ಪ ಡಾಕ್ಟ್ರೇ, ವಸಿ ನೋಡಪ್ಪ" ಅಂತ ಜನ ನಾಲಿಗೆ ಚಾಚೋರು. ನಾನೂ ಗಂಭೀರವಾಗಿ ನೋಡಿ "ಮಜ್ಜಿಗೆ ಕುಡೀರಿ" ಅನ್ನುತ್ತಿದ್ದೆ. ಎಲ್ಲ ರೋಗಕ್ಕೂ ಮಜ್ಜಿಗೆಯೇ. ಓದು ಅಟ್ಟ ಹತ್ತಿತು.

ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದಾಗ ಕೊರಳ ತುಂಬ ಹಾರ. ಬೆಂಗಳೂರಿನ ಪರೀಕ್ಷೆ ಕೋಣೆಯಲ್ಲಿ ಜರಿಪೇಟದ ಹಿರಿಯರೊಬ್ಬರು ನಿಯಮ ಓದಿ ಹೇಳಿದರು: ಫೇಲಾದವರು ಮತ್ತೆ ಕೂರುವ ಹಾಗಿಲ್ಲ. ಆದರೆ ಸಿದ್ಧವಿಲ್ಲ ಅನ್ನಿಸಿದವರು ಕಾಗದ ಒಪ್ಪಿಸುವ ಮುಂಚೆ ಹೇಳಿದರೆ ರದ್ದು ಮಾಡುತ್ತಾರೆ, ಬರುವ ವರ್ಷ ಬರಬಹುದು. ಯಾವ ದಡ್ಡ ರದ್ದು ಮಾಡಿಸ್ತಾನೆ ಅಂದುಕೊಂಡು ಪ್ರಶ್ನೆ ನೋಡಿದೆ. ಮೊದಲನೆಯದೇ, ನೀರಿನಲ್ಲಿ ಮುಳುಗಿದ ವಸ್ತು ಮೇಲೆ ಬರಲು ಕಾರಣವೇನು?

ಅಯ್ಯೋ ಶಿವನೇ! ನನಗೆ ಗೊತ್ತಿದ್ದ ಕಾರಣ ಒಂದೇ, ಅದನ್ನು ಬರೆಯುವ ಹಾಗಿರಲಿಲ್ಲ. ಮಿಕ್ಕ ಪ್ರಶ್ನೆಗಳ ಪೈಕಿ ಅರ್ಧ ಅರ್ಥವೇ ಆಗಲಿಲ್ಲ. ಒಪ್ಪಿಸಿದರೆ ಫೇಲು, ಡಾಕ್ಟರಿಕೆಯ ಬಾಗಿಲು ಜನ್ಮಕ್ಕೆ ಮುಚ್ಚಿದಂತೆ. ರದ್ದು ಮಾಡಿಸಿದರೆ ಊರಿಗೆ ಯಾವ ಮುಖ ಹೊತ್ತು ಹೋಗಲಿ? ಗಂಟೆ ಹೊಡೆಯುವ ಹೊತ್ತಾಯಿತು. ಯಾವ ಧೈರ್ಯವೋ, ಎದ್ದು ನಿಂತೆ. "ಸ್ವಾಮಿ, ನಂದು ರದ್ದು ಮಾಡ್ರಿ!"

"ಯೋಚನೆ ಮಾಡಿ ಹೇಳ್ತಿದೀಯೇನಪ್ಪ?" ಅಂದರು.

"ಮಾಡೀನ್ರಿ. ಇವತ್ತೇ ಮೊದಲ ಸಲ ಮಾಡೀನಿ."

ಅವರು ನಗುತ್ತಾ ಅಡ್ಡಗೆರೆ ಎಳೆದರು. ಆ ಗೆರೆ ಬಿದ್ದಾಗ ಆದ ಸಂತೋಷವನ್ನು ಹೇಗೆ ಹೇಳಲಿ! ಬೆಂಗಳೂರಿನ ಬೀದಿಯಲ್ಲಿ ಹುಚ್ಚನ ಹಾಗೆ ಓಡಿದೆ, ಕಂಡ ಗಾಡಿಯವರಿಗೆಲ್ಲ ಕೈ ಬೀಸಿದೆ. ಒಂದು ಇಡೀ ವರ್ಷ ನನ್ನದಾಗಿತ್ತು.

ಊರಿಗೆ ಬಂದರೆ ಬಾಗಿಲಲ್ಲಿ ಅಜ್ಜಿ ಆರತಿ ತಟ್ಟೆ ಹಿಡಿದು ನಿಂತಿದ್ದಳು, ಸುತ್ತ ಅರ್ಧ ಊರು. ನಡೆದದ್ದು ಹೇಳಿದೆ. ಆಮೇಲೆ ಅಜ್ಜಿ, "ಹಂಗಾರೆ ನಾಳೆ ಮತ್ತೆ ಹಾಲುರಾಮೇಶ್ವರಕ್ಕೆ ಹೋಗಾಣ. ಇನ್ನೊಂದ್ಸಲ ಕೇಳಾಣ" ಅಂದಳು.

"ಬ್ಯಾಡಜ್ಜಿ!" ಅವಳೆದುರು ನಾನು ದನಿಯೆತ್ತಿದ್ದು ಅದೇ ಮೊದಲು. "ಗಂಗವ್ವನ್ನ ಕೇಳಿದ್ದಾತು. ನನ್ನ ಯಾರಾದ್ರೂ ಕೇಳಿದ್ರಾ?"

ಅಜ್ಜಿ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟಳು. ನನ್ನ ಮುಖವನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. "ಸರಿ ಕಣಪ್ಪ, ಈಗ ಕೇಳ್ತೀನಿ. ನಿಂಗೆ ಡಾಕ್ಟರಾಗಾ ಆಸೆ ಐತೇನು?"

ಅಲ್ಲೀತನಕ ನನಗೂ ಗೊತ್ತಿರಲಿಲ್ಲ. "ಐತೆ ಅಜ್ಜಿ! ಬಾಳ ಐತೆ!" ಅಂದೆ, ಕಣ್ಣಲ್ಲಿ ನೀರು ಬಂತು. ಪುಸ್ತಕಗಳನ್ನು ಗೂಡಿನಿಂದ ಅಜ್ಜಿಯೇ ಇಳಿಸಿ ಕೊಟ್ಟಳು. ಆ ವರ್ಷ ಊಟಕ್ಕೆ ಕರೆಯಲು ಬಂದ ನೆಂಟರನ್ನು ಬಾಗಿಲಲ್ಲೇ ತಡೆದಳು. "ಹುಡುಗ ಓದ್ತಾ ಕುಂತಾನೆ. ಹೋಗ್ರಿ, ಹೋಗ್ರಿ!" ಮುಂದಿನ ಸಲ ನನ್ನ ಕಾಗದಕ್ಕೆ ಯಾರೂ ಗೆರೆ ಎಳೆಯಬೇಕಾಗಲಿಲ್ಲ.

ಅಗೋ, ಕತೆ ಮುಗಿಯುವಷ್ಟರಲ್ಲಿ ಜಗಲಿಗೆ ಜನ ಬಂದರು. ಒಬ್ಬಳು ಹೆಂಗಸು ಸೊಸೆಯನ್ನು ಕರೆತಂದಿದ್ದಾಳೆ. "ಇವಳಿಗೆ ಹೊಟ್ಟೆನೋವು ಡಾಕ್ಟ್ರೇ, ಊಟ ಮಾಡಲ್ಲ, ಕೆಲಸ ಅಂದ್ರೆ ಆಗಲ್ಲ..." ಅಂತ ಅತ್ತೆ ಒಂದೇ ಸಮನೆ ಹೇಳುತ್ತಿದ್ದಾಳೆ. ಹುಡುಗಿ ತಲೆ ತಗ್ಗಿಸಿ ನಿಂತಿದ್ದಾಳೆ.

"ನೀವು ವಸಿ ಸುಮ್ನಿರ್ರಿ ತಾಯಿ" ಅಂದೆ. ಹುಡುಗಿಯ ಕಡೆ ತಿರುಗಿದೆ. "ನಿಂಗೇನಾಗ್ತೈತವ್ವ? ನೀನು ಹೇಳು."

ಹುಡುಗಿ ತಲೆಯೆತ್ತಿದಳು.