ಹುರುಪೆಯಿಲ್ಲದ ಕೊರಮೀನು

ಹೋದ ಭಾನುವಾರ ಬೆಳಿಗ್ಗೆ ಕಾಮಾಕ್ಷಿಪಾಳ್ಯದ ಮೀನಿನಂಗಡಿಯೊಂದರಲ್ಲಿ, ಐಸಿನ ಮೇಲೆ ಜೋಡಿಸಿಟ್ಟ ತುಂಡುಗಳ ನಡುವೆ ‘ಕೊರಮೀನು’ ಎಂದು ಬರೆದ ರಟ್ಟಿನ ಚೂರು ಸಿಕ್ಕಿಸಿದ್ದರು. ಒಂದು ತುಂಡು ಎತ್ತಿ ಚರ್ಮ ಸವರಿದೆ. ನುಣುಪು. ಕೊರಮೀನಿಗೆ ಮೈತುಂಬ ಹುರುಪೆ. ಎಷ್ಟು ಹೆರೆದರೂ ಚರ್ಮದ ಮೇಲೆ ಅದರ ಅಚ್ಚು ಉಳಿದೇ ಉಳಿಯುತ್ತದೆ. ಇದು ಹುರುಪೆಯೇ ಇಲ್ಲದ, ಮೀಸೆಯ ಜಾತಿಯ ಕ್ಯಾಟ್‌ಫಿಶ್. ಮೀಸೆ ಕಾಣದಿರಲೆಂದು ತಲೆಯನ್ನು ಮೊದಲೇ ತೆಗೆದಿದ್ದರು.

“ಇದು ಕೊರಮೀನಲ್ಲ,” ಎಂದೆ.

“ಎಲ್ಲಾ ಮೀನೇ ಅಲ್ವಾ ಆಂಟಿ? ಮಸಾಲೆ ಬಿದ್ಮೇಲೆ ಎಲ್ಲಾ ಒಂದೇ,” ಎಂದರು ಅಂಗಡಿಯವರು.

ಹೆಸರು ಬದಲಿಸಿದ್ದಕ್ಕಿಂತ ಆ ‘ಎಲ್ಲಾ ಒಂದೇ’ ಕೇಳಿ ನನಗೆ ಮೈ ಉರಿಯಿತು. ತುಂಡನ್ನು ಅಲ್ಲೇ ಹಾಕಿ ಬಿರಬಿರನೆ ಬಸ್ ಸ್ಟಾಪಿಗೆ ಬಂದೆ. ಇಷ್ಟಕ್ಕೆಲ್ಲ ಇಷ್ಟು ಕೋಪವೇ ಎಂದು ನೀವು ಕೇಳಬಹುದು. ನಮ್ಮ ಮನೆಯವರೂ ಕೇಳುತ್ತಾರೆ; ನಿವೃತ್ತಿಯಾದ ಮೇಲೆ ನನಗೆ ಜಗಳವಾಡಲು ಬಿಡುವು ಜಾಸ್ತಿಯಾಗಿದೆ ಎನ್ನುವುದು ಅವರ ಅಭಿಪ್ರಾಯ.

ನಮ್ಮೂರು ಹೇರೋಹಳ್ಳಿ ಬೆಂಗಳೂರಿಗೆ ಸೇರದೆ ಇನ್ನೂ ಹಳ್ಳಿಯಾಗಿದ್ದಾಗ, ನಮ್ಮ ಕೂಡು ಕುಟುಂಬದಲ್ಲಿ ಮೀನು ತೊಳೆಯುವ ಕೆಲಸ ಚಿಕ್ಕಮ್ಮನದು. ಓದು ಬರದ ಅವಳು ನನಗೆ ಅಕ್ಷರಕ್ಕೆ ಮೊದಲು ಮೀನು ಕಲಿಸಿದಳು. ಗೆಂಡೆಮೀನಿನ ಸಣ್ಣ ಮುಳ್ಳು ಎಲ್ಲಿ ಕವಲೊಡೆಯುತ್ತದೆ, ಚೇಳುಮೀನನ್ನು ಎಲ್ಲಿ ಹಿಡಿದರೆ ಕುಟುಕುವುದಿಲ್ಲ, ಪಿತ್ತದ ಚೀಲ ಒಡೆಯದಂತೆ ಬಿಡಿಸುವುದು ಹೇಗೆ, ಎಲ್ಲವೂ ಅವಳಿಗೆ ಬೆರಳ ತುದಿಯಲ್ಲಿ. ಕೊರಮೀನಿನ ತಲೆ ಸೀಳಿ, ಕಿವಿರಿನ ಮೇಲಿರುವ ಪುಟ್ಟ ಗೂಡು ತೋರಿಸಿ, “ಇಲ್ಲಿ ಗಾಳಿ ತುಂಬ್ಕೊತದೆ ಕಣೇ. ಮೇಲಕ್ಕೆ ಬಂದು ಗಾಳಿ ಕುಡೀಲಿಲ್ಲ ಅಂದ್ರೆ ನೀರಲ್ಲೇ ಸತ್ತೋಗ್ತದೆ,” ಎಂದಿದ್ದಳು.

ಏಳನೇ ಕ್ಲಾಸಿನ ಕಿರುಪರೀಕ್ಷೆಯಲ್ಲಿ ಪ್ರಶ್ನೆ ಬಂತು: ‘ಎಲ್ಲ ಮೀನುಗಳೂ ಕಿವಿರುಗಳಿಂದ ಮಾತ್ರ ಉಸಿರಾಡುತ್ತವೆ. ಸರಿಯೋ ತಪ್ಪೋ?’ ನಾನು ‘ತಪ್ಪು’ ಎಂದು ಬರೆದೆ. ವಿಜ್ಞಾನದ ಮೇಷ್ಟ್ರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. “ಪುಸ್ತಕದಲ್ಲಿರೋದನ್ನ ಬರಿ ಅಂದ್ರೆ ನಿಮ್ಮನೆ ಅಡುಗೆಮನೇಲಿರೋದನ್ನ ಬರೀತೀಯಲ್ಲ,” ಎಂದರು. ಇಡೀ ಕ್ಲಾಸು ನಕ್ಕಿತು.

ಮಾರನೆಯ ದಿನ ಚಿಕ್ಕಮ್ಮ ಅಗಲ ಬಾಯಿಯ ಪಾತ್ರೆಯಲ್ಲಿ ಜೀವಂತ ಕೊರಮೀನು ಬಿಟ್ಟು, ಅದು ಹಾರದಂತೆ ಬಟ್ಟೆ ಕಟ್ಟಿ, ಸೊಂಟದ ಮೇಲೆ ಹೊತ್ತು ಶಾಲೆಗೆ ಬಂದಳು. ಮೇಷ್ಟ್ರು ಬಾಗಿಲಲ್ಲೇ ತಡೆದರು.

“ಇದನ್ನ ಆಚೆ ತಗೊಂಡೋಗಮ್ಮ, ವಾಸನೆ.”

“ಬದುಕಿರೋ ಮೀನಿಗೆ ಎಲ್ಲೈತೆ ವಾಸನೆ ಸಾರ್? ಒಂದು ಗಳಿಗೆ ನೋಡಿ, ಹೆಂಗೆ ಮೇಲಕ್ಕೆ ಬರ್ತದೆ ಅಂತ.”

“ಪುಸ್ತಕ ಬರೆದೋರಿಗಿಂತ ನಿನಗೆ ಜಾಸ್ತಿ ಗೊತ್ತಾ?”

“ಅವ್ರು ನಮ್ಮ ಕೆರೆ ನೋಡವ್ರಾ ಸಾರ್?”

ಮೇಷ್ಟ್ರು ಬಾಗಿಲು ಹಾಕಿಕೊಂಡರು. ಮಧ್ಯಾಹ್ನದ ಬೆಲ್ಲು ಹೊಡೆಯುವವರೆಗೂ ಚಿಕ್ಕಮ್ಮ ಜಗಲಿಯ ಬಿಸಿಲಲ್ಲಿ ಕೂತಿದ್ದಳು. ಬಟ್ಟೆ ಸರಿಸಿದ ಪಾತ್ರೆಯಲ್ಲಿ ಮೀನು ಮತ್ತೆ ಮತ್ತೆ ಮೇಲೆ ಬಂದು ಗಾಳಿ ಕುಡಿಯಿತು. ಬಾಗಿಲು ತೆರೆದಾಗ ಮಕ್ಕಳೆಲ್ಲ ಸುತ್ತ ನೆರೆದು ನೋಡಿದರು. ಮೇಷ್ಟ್ರು ಮಾತ್ರ ತಲೆ ತಿರುಗಿಸದೆ ಹೋದರು. ಅರ್ಧ ನಿಮಿಷ ಬಗ್ಗಿ ನೋಡಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಆದರೆ ನನ್ನ ಕೋಪದ ದೊಡ್ಡ ಪಾಲು ಮೇಷ್ಟ್ರಿಗೆ ಸಲ್ಲುವುದಲ್ಲ. ವರ್ಷದ ಕೊನೆಯ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಮತ್ತೆ ಬಂತು. ನಾನು ‘ಸರಿ’ ಎಂದು ಬರೆದೆ. ಫಲಿತಾಂಶದ ದಿನ ಚಿಕ್ಕಮ್ಮ ಊಟಕ್ಕೆ ಬಡಿಸುತ್ತಾ, “ಮೀನಿನ ಪ್ರಶ್ನೆಗೆ ಏನು ಬರ್ದೆ ಮಗಾ?” ಎಂದು ಕೇಳಿದಾಗ, “ತಪ್ಪು ಅಂತ್ಲೇ ಬರ್ದೆ,” ಎಂದೆ. ಅವಳು ಮೀನಿನ ಹೊಟ್ಟೆಯ ಒಳ್ಳೆಯ ತುಂಡನ್ನು ನನ್ನ ತಟ್ಟೆಗೆ ಹಾಕಿದಳು. ಅವಳು ತೀರಿಕೊಳ್ಳುವವರೆಗೂ ನಾನು ನಿಜ ಹೇಳಲಿಲ್ಲ.

ಬಸ್ ಸ್ಟಾಪಿನಲ್ಲಿ ಇದೆಲ್ಲ ಕುದಿಯುತ್ತಿತ್ತು. ತಡೆಯಲಾರದೆ, ರಾಜರಾಜೇಶ್ವರಿನಗರದಲ್ಲಿರುವ ಚಿಕ್ಕಮ್ಮನ ಮಗಳು ಶಾರದಾಳಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ.

“ಅಮ್ಮಂಗೆ ಗೊತ್ತಿತ್ತು ಅಕ್ಕ,” ಎಂದಳು ಶಾರದಾ. “ರಿಸಲ್ಟ್ ದಿನ ಬೆಳಿಗ್ಗೆನೇ ಮೇಷ್ಟ್ರು ದಾರೀಲಿ ಸಿಕ್ಕಿ, ‘ನಿಮ್ಮ ಹುಡುಗಿಗೆ ಈಗ ಬುದ್ಧಿ ಬಂತು’ ಅಂದಿದ್ರಂತೆ.”

“ಗೊತ್ತಿದ್ದೂ ನನ್ನ ಕೇಳಿದ್ಲಾ?”

“ಹೂಂ. ಆಮೇಲೆ ನಂಗೆ ಹೇಳಿದ್ಲು, ‘ಮಗೂಗೆ ಒಳಗೆ ಗೊತ್ತೈತೆ, ಬಾಯಿ ಬರ್ತಾ ಇಲ್ಲ ಅಷ್ಟೆ. ನೀನು ಆಡ್ಕೊಬೇಡ’ ಅಂತ.”

ಬಸ್ಸು ಬಂತು. ನಾನು ಹತ್ತಲಿಲ್ಲ, ಅಂಗಡಿಗೆ ವಾಪಸ್ಸು ನಡೆದೆ. ಗಾರ್ಮೆಂಟ್ಸಿನ ಗುರುತಿನ ಚೀಟಿ ಕೊರಳಲ್ಲಿದ್ದ ಹುಡುಗಿಯೊಬ್ಬಳು ಆ ತುಂಡುಗಳನ್ನೇ ತೂಕ ಹಾಕಿಸುತ್ತಿದ್ದಳು. ಅವಳ ಬೆರಳನ್ನು ಚರ್ಮದ ಮೇಲೆ ಇರಿಸಿ, “ಇಲ್ಲಿ ಹುರುಪೆ ಇತ್ತು ಅನ್ಸುತ್ತಾ ನೋಡಮ್ಮ,” ಎಂದೆ.

“ವ್ಯಾಪಾರ ಕೆಡಿಸ್ಬೇಡಿ ಆಂಟಿ, ಹೋಗಿ,” ಎಂದರು ಅಂಗಡಿಯವರು.

ಹುಡುಗಿ ಬೆರಳು ತೆಗೆಯಲಿಲ್ಲ. “ಒಂದ್ನಿಮಿಷ ಸುಮ್ನಿರಿ ಅಣ್ಣ,” ಎಂದಳು. “ಆಂಟಿ ಹೇಳ್ಲಿ.”