ಸರೋಜಿನಿಯನ್ನು ಬರೆಯುವವರು ಬಿಟ್ಟುಹೋದರು

ಸ್ನೇಹಿತರೇ, ಉಪ್ಪಳದ ನಮ್ಮ ಬೀಡಿ ಅಂಗಡಿಯಲ್ಲಿ ಇವತ್ತು ಸಣ್ಣ ಯುದ್ಧವೇ ಆಯಿತು. ಇಲ್ಲಿ ಎಲ್ಲರೂ ಬೀಡಿ ಕಟ್ಟುತ್ತಾರೆ, ನಾನು ಗಟ್ಟಿಯಾಗಿ ಓದುತ್ತೇನೆ. ನನ್ನ ಪಾಲಿನ ಬೀಡಿಯನ್ನು ಅವರೇ ಕಟ್ಟಿಕೊಡುತ್ತಾರೆ. ಬೆಳಗ್ಗಿನ ರೈಲಿನಲ್ಲಿ ವಾರಪತ್ರಿಕೆ ಬಂತು. ಐದು ವರ್ಷದಿಂದ ಅದರಲ್ಲಿ ಧಾರಾವಾಹಿಯಾಗಿ ಬರುತ್ತಿರುವ ಸರೋಜಿನಿ ಎಂಬ ಹೆಣ್ಣಿನ ಕಥೆಯ ಮೇಲೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: "ಲೇಖಕರು ಪತ್ರಿಕೆ ಬಿಟ್ಟಿದ್ದಾರೆ. ಇನ್ನು ಬೇರೆಯವರು ಮುಂದುವರಿಸುತ್ತಾರೆ."

ಬೀಡಿ ಕಟ್ಟುತ್ತಿದ್ದ ಕೊರಗಪ್ಪಣ್ಣ ಮಡಿಲಲ್ಲಿದ್ದ ಬೀಡಿಯ ಮೊರವನ್ನು ಕೆಳಗಿಟ್ಟೇ ಬಿಟ್ಟರು. "ಬೇರೆ ಯಾರೋ ಬಂದು ಅವಳನ್ನು ಕೊಂದರೆ ಎಂತ ಮಾಡುವುದು? ಓದಬೇಡ ಮಾರಾಯ!"

"ಹಾಗಾದರೆ ಕಥೆ?" ಎಂದೆ.

"ನೀನೇ ಹೇಳು. ಇಷ್ಟು ವರ್ಷ ಓದಿದವನಿಗೆ ಗೊತ್ತಿಲ್ಲವಾ?"

ಪತ್ರಿಕೆ ಮಡಚಿಟ್ಟು ಹೇಳಿದೆ. ಗಂಡನ ಮನೆಯಲ್ಲಿ ನರಳುತ್ತಿದ್ದ ಸರೋಜಿನಿಯನ್ನು ತವರಿನ ದೋಣಿ ಹತ್ತಿಸಿದೆ. ಕೊರಗಪ್ಪಣ್ಣ ಕಣ್ಣೊರೆಸಿಕೊಂಡರು. ನನ್ನ ಮೊರಕ್ಕೆ ಒಂದು ಹಿಡಿ ಬೀಡಿ ಹೆಚ್ಚೇ ಬಿತ್ತು.

ಮನೆಯಲ್ಲಿ ಮಾತಿಗೆ ಯಾರೂ ಇಲ್ಲದ ನನಗೆ, ಅವಳಿಗೆ ಮುಂದೆ ಎಂತ ಆಗುತ್ತದೋ ಎಂಬ ಯೋಚನೆಯೇ ವಾರವಿಡೀ ಜೊತೆಗಿರುತ್ತಿತ್ತು. ಹೊರಡುವಾಗ ಎಲ್ಲರೂ ಕೇಳಿದರು, "ಮುಂದಿನ ವಾರ ಎಂತ ಉಂಟು?"

ಮುಂದೆ ಎಂತ ಎಂದು ಕೇಳಲು ಅವರಿಗೆ ನಾನಿದ್ದೇನೆ. ನಾನು ಯಾರನ್ನು ಕೇಳುವುದು?