ಬಾವಿಗೆ ಬಿದ್ದ ಚಂದ್ರಂಕಿ

ಮುನಿತಾಯಮ್ಮ ಮಾಗಡಿ ಸೀಮೆಯ ಆ ಹಳ್ಳಿಗೆ ಸೊಸೆಯಾಗಿ ಬಂದಾಗ ಮನೆಯ ಪಕ್ಕದಲ್ಲಿ ಕುರಿರೊಪ್ಪವಿತ್ತು. ಆಮೇಲೆ ಊರಿಗೆ ಊರೇ ರಾಗಿ ಹೊಲದಲ್ಲಿ ಹಿಪ್ಪುನೇರಳೆ ಕಡ್ಡಿ ನೆಟ್ಟಿತು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುವ ಬಸ್ಸಿನ ತಲೆಯ ಮೇಲೆ ಮೂಟೆಗಳಿಗೆ ಜಾಗ ಸಾಲದಾಯಿತು. ಅವಳ ಗಂಡ ಬೀರಯ್ಯನೂ ಕುರಿ ಮಾರಿ, ರೊಪ್ಪವಿದ್ದ ಜಾಗದಲ್ಲೇ ರೇಷ್ಮೆಗೆ ಹುಳುಮನೆ ಕಟ್ಟಿದ. ಹುಳಕ್ಕೆ ಗಾಟು ವಾಸನೆ ಆಗದು. ಕುರಿಯ ವಾಸನೆ ಹೋಗುವವರೆಗೂ ಮುನಿತಾಯಮ್ಮ ಆ ನೆಲ ತೊಳೆದು ತೊಳೆದು ಸುಣ್ಣ ಬಳಿದಳು.

ಹುಳುಮನೆ ಅವಳಿಗೆ ಗರ್ಭಗುಡಿಯಿದ್ದಂತೆ. ಬೆಳಿಗ್ಗೆ ಮಿಂದು, ಸಾವನದುರ್ಗದ ಬೆಟ್ಟದ ಕಡೆ ತಿರುಗಿ ನರಸಿಂಹಸ್ವಾಮಿಗೆ ಕೈ ಮುಗಿದೇ ಒಳಗೆ ಕಾಲಿಡುವಳು. ಹುಳ ಇರುವಷ್ಟು ದಿನ ಆ ಮನೆಯ ಒಲೆಯ ಮೇಲೆ ಸಾಸಿವೆ ಸಿಡಿದದ್ದಿಲ್ಲ; ಮುದ್ದೆಗೆ ಬರೀ ಉಪ್ಪುಸಾರು.

ಹಿಂದಿನ ವರ್ಷ ಒಂದು ಬೆಳೆ ಹಾಲುತೊಂಡೆ ರೋಗ ಬಂದು ಪೂರ್ತಿ ಹೋಯಿತು. ಅದರ ಹಿಂದಿನ ದಿನವೇ ಗೋಡೆಯಾಚೆ ಮನೆಯ ಓರಗಿತ್ತಿ ಪುಟ್ಟಗೌರಮ್ಮ ಒಗ್ಗರಣೆ ಹಾಕಿದ ಕೈಯಲ್ಲೇ ಹುಳ ನೋಡಲು ಬಂದಿದ್ದಳು. ಮುನಿತಾಯಮ್ಮ ನಾಲ್ಕು ಜನಕ್ಕೆ ಕೇಳಿಸುವಂತೆ, "ಇನ್ಮ್ಯಾಕೆ ನಮ್ಮ ಹುಳುಮನೆ ಹೊಸ್ಲು ತುಳೀಬ್ಯಾಡಕ್ಕ" ಅಂದುಬಿಟ್ಟಳು.

"ಆಗ್ಲಿ ಕಣಮ್ಮಿ. ನಿನ್ನ ಹುಳ ನೀನೇ ಮಡಿಕ್ಕೊ" ಎಂದು ಪುಟ್ಟಗೌರಮ್ಮ ಹೊರಟವಳು ಮತ್ತೆ ಮಾತಾಡಲಿಲ್ಲ. ಎರಡೂ ಮನೆಗೆ ಹೋಗಿ ಬರುತ್ತಿದ್ದವಳು ಮುನಿತಾಯಮ್ಮನ ಒಬ್ಬಳೇ ಮಗಳು ಭಾಗ್ಯ. ಉಪ್ಪುಸಾರು ಬೇಸರವಾದ ದಿನ ಅವಳ ಊಟ ದೊಡ್ಡವ್ವನ ಮನೆಯಲ್ಲೇ.

ಆ ಆಷಾಢದಲ್ಲಿ ಹುಳ ಎಣಿಸಿದ್ದಕ್ಕಿಂತ ಬೇಗ ಹಣ್ಣಾಯಿತು. ಬೆಳಿಗ್ಗೆ ನೋಡಿದರೆ ಹುಳಗಳು ಸೊಪ್ಪು ಬಿಟ್ಟು, ಹೊನ್ನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ತಟ್ಟೆಯ ಅಂಚಿಗೆ ಬಂದಿವೆ. ಹಣ್ಣುಹುಳವನ್ನು ಕೂಡಲೇ ಚಂದ್ರಂಕಿಗೆ, ಅಂದರೆ ಗೂಡು ಕಟ್ಟಲು ಹೆಣೆದ ಬಾಗಿಲಗಲದ ಬಿದಿರಿನ ತಟ್ಟಿಗೆ, ಬಿಡಬೇಕು. ಇಲ್ಲವಾದರೆ ಹಿಕ್ಕೆಯಲ್ಲೇ ಗೂಡು ಸುತ್ತಿ ಹಾಳಾಗುತ್ತವೆ. ಬೀರಯ್ಯ ಮಾಗಡಿಗೆ ಹೋಗಿದ್ದ. ಚಂದ್ರಂಕಿ ಸಾಲದು.

"ದೊಡ್ಡವ್ವನ ಜಗುಲೀಲಿ ಖಾಲಿ ಅವೆ. ಕೇಳಿ ತರ್ಲಾ ಅವ್ವ?" ಎಂದಳು ಭಾಗ್ಯ.

"ಬ್ಯಾಡ. ತೋಟದಾಚೆ ಕಾಳಯ್ಯ ಮಾವನ ಮನೇಲಿ ಒಂದು ಇಸ್ಕೊಂಡು ಬಾ. ಜತೆಗೆ ಯಾರ್ನಾದ್ರೂ ಕಳುಸ್ತಾರೆ."

ಹುಡುಗಿ ಓಡಿದಳು. ಮುನಿತಾಯಮ್ಮ ಹಣ್ಣುಹುಳ ಆರಿಸುತ್ತ ಕೂತಳು. ಹೆಂಚಿನ ಮೇಲೆ ಗಾಳಿ ಸುಯ್ಯೆಂದಾಗ ಅವಳ ಕೈ ನಿಂತಿತು. ಕಾಳಯ್ಯನ ಮನೆಯವರೆಲ್ಲ ಈ ಹೊತ್ತಿನಲ್ಲಿ ಹೊಲದಲ್ಲಿರುತ್ತಾರೆ. ಜತೆಗೆ ಯಾರೂ ಬರದಿದ್ದರೆ ಹುಡುಗಿ ಚಂದ್ರಂಕಿಯನ್ನು ಒಬ್ಬಳೇ ತಲೆಯ ಮೇಲೆ ಹೊತ್ತು ಬರುತ್ತಾಳೆ; ಎದುರಿಗಿರುವುದು ಕಾಣದು. ದಾರಿ ಇರುವುದು ಕಟ್ಟೆಯಿಲ್ಲದ ಹಳೆಯ ಬಾವಿಯ ಅಂಚಿನಲ್ಲಿ.

"ನರಸಿಂಹಸ್ವಾಮಿ, ನನ್ನ ಮಗಳು" ಎಂದವಳೇ ಎದ್ದು ಓಡಿದಳು. ಹುಳುಮನೆಯ ಬಾಗಿಲು ಹಾಕುವುದನ್ನು ಮರೆತದ್ದು ಅವಳ ಬಾಳಿನಲ್ಲಿ ಅದೇ ಮೊದಲು.

ತೋಟದ ದಾರಿಯಲ್ಲಿ ಎದುರಿಗೆ ಪುಟ್ಟಗೌರಮ್ಮ ಬರುತ್ತಿದ್ದಳು. ಸೊಂಟದವರೆಗೆ ಸೀರೆ ತೊಯ್ದಿದೆ. ಕಂಕುಳಲ್ಲಿ ಭಾಗ್ಯ, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿದೆ.

"ಚಂದ್ರಂಕಿ ಮುರೀಲಿಲ್ಲ ಕಣವ್ವ" ಎಂದಿತು ಮಗು ಮೊದಲಿಗೆ. "ಕಾಳಯ್ಯ ಮಾವ ಬಯ್ಯಕಿಲ್ಲ."

ಮುನಿತಾಯಮ್ಮ ಅಲ್ಲೇ ಬದುವಿನ ಮೇಲೆ ಕುಸಿದಳು. ಪುಟ್ಟಗೌರಮ್ಮ ಮಗುವನ್ನು ಅವಳ ಮಡಿಲಿಗೆ ಹಾಕಿ, ಸೆರಗು ಹಿಂಡಿಕೊಳ್ಳುತ್ತ ಹೇಳಿದಳು:

"ಸೊಪ್ಪು ಕುಯ್ತಿದ್ದೆ ಕಣಮ್ಮಿ. ಒಂದು ಚಂದ್ರಂಕಿ ತಾನೇ ನಡ್ಕೊಂಡು ಬತ್ತಾ ಐತೆ, ಕೆಳ್ಗೆ ಎಲ್ಡು ಪುಟ್ಟ ಕಾಲು. ನಕ್ಕೊಂಡು ನೋಡ್ತಾ ನಿಂತಿದ್ದೆ. ಗಾಳಿ ಬೀಸ್ತು. ಚಂದ್ರಂಕೀನೂ ಇಲ್ಲ, ಕಾಲೂ ಇಲ್ಲ. ಬಾವಿತಾವ್ಕೆ ಓಡಿ ನೋಡುದ್ರೆ ನಿನ್ನ ಮಗಳು ತೇಲ್ತಿದ್ದ ಚಂದ್ರಂಕಿ ಅಪ್ಕೊಂಡು ಹಣ್ಣುಹುಳದಂಗೆ ಮಲಗವಳೆ. ಮೆಟ್ಲು ಇಳ್ದು ಸೊಪ್ಪಿನ ಹಗ್ಗ ಎಸ್ದೆ. ಜಾಣೆ, ಹಿಡ್ಕೊಂಡ್ಲು. ಚಂದ್ರಂಕಿ ಸಮೇತ ದಡಕ್ಕೆ ಎಳ್ಕೊಂಡೆ."

ಮುನಿತಾಯಮ್ಮ ಬಗ್ಗಿ ಓರಗಿತ್ತಿಯ ಪಾದ ಹಿಡಿದಳು.

"ಬುಡಮ್ಮಿ, ಕೆಸರೈತೆ. ಅಲ್ಲಾ, ನಿನ್ನ ಕೈಲಿ ಅದೇನು?"

ಓಡಿ ಬರುವಾಗ ಎಡಗೈಯಲ್ಲಿದ್ದ ಹಣ್ಣುಹುಳ ಹಾಗೇ ಇತ್ತು. ಬೆರಳ ಸಂದಿನಲ್ಲಿ ಆಗಲೇ ಒಂದು ಎಳೆ ಹಾಕಿತ್ತು. ಇಬ್ಬರೂ ಬಗ್ಗಿ ನೋಡಿದರು.

"ಅಯ್ಯೋ, ಹುಳ ಎಲ್ಲ ಹಣ್ಣಾಗವೇನಮ್ಮಿ? ಏಳು, ಏಳು. ನನ್ನ ಚಂದ್ರಂಕಿ ಇದ್ವಲ್ಲ, ಕೇಳಕ್ಕೇನಾಗಿತ್ತು ನಿನಗೆ?"

"ಬಾಯಿ ಬರ್ನಿಲ್ಲಕ್ಕ" ಎಂದಳು ಮುನಿತಾಯಮ್ಮ ಮೆಲ್ಲಗೆ.

ಪುಟ್ಟಗೌರಮ್ಮ ಜಗುಲಿಯ ಚಂದ್ರಂಕಿಗಳನ್ನು ತಂದು ಹುಳುಮನೆಯ ಹೊಸ್ತಿಲಾಚೆಯೇ ನಿಂತಳು. "ನೀನೇ ಒಳಕ್ಕೆ ತಕ್ಕೊ. ಬೆಳಿಗ್ಗೆ ಹುರುಳಿ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿವ್ನಿ."

"ಬಾವಿಲಿ ಮುಳುಗಿ ಬಂದಿದ್ದೀಯಲ್ಲಕ್ಕ, ಇನ್ನೆಲ್ಲಿ ಒಗ್ಗರಣೆ?"

"ನಾನು ತೊಯ್ದಿರೋದು ಸೊಂಟದ ಗಂಟ. ಒಗ್ಗರಣೆ ಹತ್ತಿರೋದು ಮ್ಯಾಗಡೆ."

ಮುನಿತಾಯಮ್ಮ ಆ ದಿನ ಮೊದಲ ಸಲ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಓರಗಿತ್ತಿಯ ಕೈ ಹಿಡಿದು ಒಳಕ್ಕೆ ಎಳೆದುಕೊಂಡಳು. ಬೆರಳಲ್ಲಿದ್ದ ಹುಳವನ್ನು ಅವಳ ಅಂಗೈಗಿಟ್ಟು, "ಮೊದಲ್ನೇದು ನೀನು ಬುಡಕ್ಕ" ಎಂದಳು. ಭಾಗ್ಯ ದೊಡ್ಡವ್ವನ ಕಂಬಳಿ ಹೊದ್ದು ಬಾಗಿಲಲ್ಲಿ ಕೂತು, ತಾನು ಬಾವಿಯಲ್ಲಿ ಕಂಡ ಆಮೆಯ ಸುದ್ದಿ ಹೇಳಿದ್ದನ್ನೇ ಹೇಳಿದಳು. ನೆನೆದ ಚಂದ್ರಂಕಿಯನ್ನು ಅಂಗಳದ ಬಿಸಿಲಿಗೆ ಒರಗಿಸಿ, ಮುನಿತಾಯಮ್ಮ ಅದಕ್ಕೂ ಕುಂಕುಮ ಇಟ್ಟಳು. ಗೂಡು ಬಿಡಿಸಿದ ಮೇಲೆ ಮಗುವನ್ನೂ ಅಕ್ಕನನ್ನೂ ಕರೆದುಕೊಂಡು ಬೆಟ್ಟದ ಸ್ವಾಮಿಯ ಹತ್ತಿರ ಹೋಗಿಬರುವುದೆಂದು ಮನಸ್ಸಿನಲ್ಲೇ ಹೇಳಿಕೊಂಡಳು.

ಹೊತ್ತು ಇಳಿಯುವಾಗ ಬೀರಯ್ಯ ಮಾಗಡಿಯಿಂದ ಬಂದ. ಹುಳುಮನೆಯ ಬಾಗಿಲಲ್ಲಿ ನಿಂತು ಮೂಗು ಅರಳಿಸಿದ.

"ಇದೇನು, ಒಳ್ಗೆ ಬೆಳ್ಳುಳ್ಳಿ ವಾಸ್ನೆ ಬತ್ತಾ ಐತಲ್ಲ?"

"ಬರ್ಲಿ ಬುಡಿ" ಎಂದಳು ಮುನಿತಾಯಮ್ಮ.